ಸುಣ್ಣದ ಮಾತ್ರೆ

ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಚೆಕ್ಕರಮ್ಮ ಎಂದೇ ಕರೆಯುತ್ತಿದ್ದರು. ಹೊಲಿದು ಬಂದ ಅಂಗಿಯನ್ನು ದೀಪದ ಮೇಜಿನ ಮೇಲೆ ಹರಡಿ, ಕಾಲರಿನಿಂದ ಕೆಳ ಅಂಚಿನವರೆಗೆ ಕಣ್ಣು ಹಾಯಿಸಿ, ತಪ್ಪು ಕಂಡಲ್ಲಿ ಕೆಂಪು ಬಾಣದ ಚೀಟಿ ಅಂಟಿಸುವುದು ಅವಳ ಕೆಲಸ. ಹದಿನೇಳು ವರ್ಷದಿಂದ ಅದೇ ಮೇಜು, ಅದೇ ಸ್ಟೂಲು. ಸರಿಯಾಗಿದ್ದದ್ದಕ್ಕೆ ಅಂಟಿಸಲು ಅಲ್ಲಿ ಯಾವ ಚೀಟಿಯೂ ಇರಲಿಲ್ಲ. ಸರಿಯಾಗಿದ್ದರೆ ಮಡಿಸಿ ಪಕ್ಕಕ್ಕಿಡುವುದು, ಅಷ್ಟೇ. ಮನೆಯಲ್ಲೂ ಅವಳು ಹಾಗೆಯೇ. ಚೆನ್ನಾಗಿದೆ ಎಂಬ ಮಾತು ಅವಳ ಬಾಯಲ್ಲಿ ಯಾರೂ ಕೇಳಿದ್ದಿಲ್ಲ. ಅವಳು ಸುಮ್ಮನಿದ್ದರೆ ಎಲ್ಲ ಸರಿಯಿದೆ ಎಂದು ಮನೆಯವರೇ ಅರ್ಥ ಮಾಡಿಕೊಳ್ಳಬೇಕಿತ್ತು.

ಮಗಳಿಗೆ ಹದಿನಾರು ತುಂಬಿದ ವರ್ಷ ಶಾಲೆಯಿಂದ ಕರೆ ಬಂತು. ಪಕ್ಕದ ತರಗತಿಯ ಹುಡುಗಿಯೊಬ್ಬಳ ಜಾಮಿಟ್ರಿ ಪೆಟ್ಟಿಗೆಯಲ್ಲಿ ಏನೋ ಪುಡಿಯ ಪೊಟ್ಟಣ ಸಿಕ್ಕಿತ್ತಂತೆ. ಅದಕ್ಕಾಗಿ ತಂದೆತಾಯಿಯರನ್ನೆಲ್ಲ ಕೂರಿಸಿ ಒಬ್ಬ ಪೊಲೀಸ್ ಅಧಿಕಾರಿ, ಒಬ್ಬ ಡಾಕ್ಟರು ಮಾತಾಡಿದರು. ಉಳಿದವರು ಆಕಳಿಸುತ್ತಾ ಕೇಳಿದರೆ ಚೆಕ್ಕರಮ್ಮ ಮಾತ್ರ ಎಲ್ಲವನ್ನೂ ಬರೆದುಕೊಂಡಳು. ಬ್ಯಾಗು ನೋಡಿ. ಸ್ನೇಹಿತರು ಯಾರೆಂದು ತಿಳಿದಿರಲಿ. ಖಾಲಿ ಹೊತ್ತು ಬಿಡಬೇಡಿ. ಮನೆಯಲ್ಲಿ ಒಂದು ಜವಾಬ್ದಾರಿ ಕೊಡಿ. ಕಾರ್ಖಾನೆಯಲ್ಲಿ ಹೊಸ ಆರ್ಡರಿನ ಸೂಚನೆ ಬಂದರೆ ಹೇಗೋ ಹಾಗೆ, ಮರುದಿನದಿಂದಲೇ ಜಾರಿ.

ಸಂಜೆ ಆರಕ್ಕೆ ಮಗಳು ಊಟದ ಮೇಜಿನ ಮೇಲೆ ಬ್ಯಾಗು ಸುರಿಯಬೇಕು. ಚೆಕ್ಕರಮ್ಮ ಪೆನ್ನಿನ ಮುಚ್ಚಳ ಬಿಚ್ಚಿ ನೋಡುವಳು, ಪುಸ್ತಕ ಕೊಡವುವಳು, ಯೂನಿಫಾರ್ಮಿನ ಜೇಬು ಹೊರಳಿಸುವಳು. ಕೊನೆಗೆ ಮಗಳ ಗಲ್ಲ ಹಿಡಿದು ಮುಖವನ್ನು ಟ್ಯೂಬ್‌ಲೈಟಿನ ಕಡೆಗೆ ತಿರುಗಿಸಿ, ಕೂದಲು ಮೂಸುವಳು.

“ಏರ್‌ಪೋರ್ಟಲ್ಲೂ ಇಷ್ಟು ನೋಡಲ್ಲ,” ಎಂದ ಗಂಡ ಮೊದಲ ದಿನ.

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತೇನ್ರೀ? ನೀವು ಸುಮ್ನಿರಿ.”

ಅವನಿಗೆ ಸುಮ್ಮನಿರುವುದು ಕಷ್ಟವೇನಾಗಿರಲಿಲ್ಲ. ಅವನು ಲಿಫ್ಟ್ ರಿಪೇರಿಯ ಮೆಕ್ಯಾನಿಕ್. ಊರವರ ಲಿಫ್ಟುಗಳನ್ನೆಲ್ಲ ಓಡಿಸುವವನ ಸ್ವಂತ ಮನೆ ಲಿಫ್ಟೇ ಇಲ್ಲದ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಮನೆಯಲ್ಲಿ ಜಗಳದ ಹೊಗೆ ಕಂಡರೆ ಸಾಕು, ಟೂಲ್ ಬ್ಯಾಗು ಹೆಗಲಿಗೇರಿಸಿ, ಯಾರೋ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಎಂದು ಹೊರಟುಬಿಡುತ್ತಿದ್ದ. ಅವನು ಹೇಳಿದಷ್ಟು ಜನ ನಿಜಕ್ಕೂ ಸಿಕ್ಕಿಹಾಕಿಕೊಂಡಿದ್ದರೆ ಊರಿನವರು ಲಿಫ್ಟಿನ ಆಸೆಯನ್ನೇ ಬಿಟ್ಟು ಮೆಟ್ಟಿಲು ಹತ್ತುತ್ತಿದ್ದರು. ಮಗಳು ಏನು ಕೇಳಿದರೂ ಅವನ ಉತ್ತರ, ಅಮ್ಮನಿಗೆ ಗೊತ್ತಾಗದ ಹಾಗೆ ಮಾಡು. ಇದನ್ನು ಅವನು ಪ್ರೀತಿ ಎಂದು ತಿಳಿದಿದ್ದ.

ಇನ್ನು ಜವಾಬ್ದಾರಿ. ಅದು ಹುಡುಕುವ ಮೊದಲೇ ಕೈಗೆ ಸಿಕ್ಕಿತು. ಅದಕ್ಕೆ ಸ್ವಲ್ಪ ದಿನದ ಹಿಂದಷ್ಟೇ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು, ಒಳಗೆ ಕಬ್ಬಿಣದ ರಾಡು ಹಾಕಿಸಿಕೊಂಡು ಮನೆಗೆ ಬಂದಿದ್ದರು. ಬೆಳಗ್ಗೆ ಒಂದು, ಸಂಜೆ ಒಂದು ಬಲವಾದ ನೋವಿನ ಮಾತ್ರೆ. ಮಧ್ಯಾಹ್ನಕ್ಕೆ ಮೂಳೆ ಗಟ್ಟಿಯಾಗಲು ಕ್ಯಾಲ್ಸಿಯಂ. ಅಜ್ಜಿ ಅದನ್ನು ಸುಣ್ಣದ ಮಾತ್ರೆ ಎನ್ನುತ್ತಿದ್ದರು. ಎರಡೂ ಬಿಳಿ. ಅವನ್ನು ಹೊತ್ತುಹೊತ್ತಿಗೆ ಕೊಡುವುದು, ಅಜ್ಜಿಯನ್ನು ಹಿಡಿದು ನಾಲ್ಕು ಹೆಜ್ಜೆ ನಡೆಸುವುದು, ಮಾತ್ರೆ ಮುಗಿಯುವ ಮೊದಲೇ ಡಾಕ್ಟರ ಚೀಟಿ ತೋರಿಸಿ ಔಷಧದ ಅಂಗಡಿಯಿಂದ ತರುವುದು ಮಗಳ ಪಾಲಿಗೆ ಬಂತು. ಕೈಗೆ ಕೆಲಸ ಕೊಟ್ಟರೆ ಮಕ್ಕಳು ಕೆಡುವುದಿಲ್ಲ ಎಂದು ಚೆಕ್ಕರಮ್ಮನ ಲೆಕ್ಕ.

ಹುಡುಗಿ ಮೊದಮೊದಲು ಗೊಣಗಿದಳು. ತಿಂಗಳ ನೋವು ಬಂದ ದಿನವೂ ಬೆಳಗ್ಗೆ ಐದಕ್ಕೆ ಎಬ್ಬಿಸಿ ಓದಲು ಕೂರಿಸಿದಾಗ ಅತ್ತಳು. ಬಿಸಿನೀರು ಕುಡಿ, ನಾಟಕ ಬೇಡ, ನಾನು ಅದೇ ನೋವಿಟ್ಟುಕೊಂಡು ದಿನಕ್ಕೆ ಐನೂರು ಪೀಸು ನೋಡ್ತೀನಿ ಎಂದಳು ತಾಯಿ. ಪರೀಕ್ಷೆಯಲ್ಲಿ ಎಂಬತ್ತೆರಡು ಬಂದಾಗ ಉಳಿದ ಹದಿನೆಂಟು ಎಲ್ಲಿ ಹೋಯಿತೆಂದು ಕೇಳಿದಳು. ಅನ್ನ ಬಡಿಸುತ್ತಾ ಕೇಳಿದಳು, ಸ್ನಾನದ ಮನೆಯ ಬಾಗಿಲು ತಟ್ಟಿ ಕೇಳಿದಳು. ಹುಡುಗಿ ತಟ್ಟೆ ತಳ್ಳಿ ಎದ್ದರೆ, ಎದ್ದದ್ದಕ್ಕೆ ಇನ್ನೊಂದು ಸುತ್ತು. ಆಗ ಅಪ್ಪನಿಗೆ ಲಿಫ್ಟಿನ ಕರೆ ಬರುತ್ತಿತ್ತು.

ಆಮೇಲೆ ಒಂದೆರಡು ವಾರದಲ್ಲಿ ಎಲ್ಲ ತಣ್ಣಗಾಯಿತು.

ಮಗಳು ಎದುರುತ್ತರ ಕೊಡುವುದನ್ನು ಬಿಟ್ಟಳು. ಬಯ್ದರೆ ಸರಿ ಅಮ್ಮ ಎನ್ನುವಳು. ಆರು ಹೊಡೆಯುವ ಮೊದಲೇ ಬ್ಯಾಗು ಸುರಿದು ತಾನೇ ಜೇಬು ಹೊರಳಿಸಿ ನಿಲ್ಲುವಳು. ಊಟ ಕಡಿಮೆಯಾಗಿತ್ತು, ಬೇಯಿಸಿದ ಮೊಟ್ಟೆ ಹಾಗೇ ಉಳಿಯುತ್ತಿತ್ತು. ಕೂತಲ್ಲೇ ಕಣ್ಣು ಜೋಲುತ್ತಿತ್ತು. ಮೊಣಕೈ ಕೆರೆದುಕೊಂಡು ಕೆಂಪಗೆ ಮಾಡಿಕೊಂಡಿದ್ದಳು. ಅದಕ್ಕೆ ತಾಯಿ ಸಾಬೂನು ಬದಲಾಯಿಸಿದಳು. ಓದಿ ಓದಿ ಸುಸ್ತು, ಇರಲಿ, ಮೈಗೆ ಸ್ವಲ್ಪ ಕಷ್ಟ ಗೊತ್ತಾಗಲಿ ಎಂದುಕೊಂಡಳು. ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವವಳ ಜೊತೆ ಊಟಕ್ಕೆ ಕೂತಾಗ, ಈಗ ನಮ್ಮವಳು ಒಂದು ಮಾತಿಗೆ ಎದುರು ಮಾತಾಡಲ್ಲ ಕಣೇ ಎಂದು ಹೇಳಿಯೂ ಹೇಳಿದಳು. ನಮ್ಮನೇದು ಒಂದಕ್ಕೆ ನಾಲ್ಕು ಕೊಡುತ್ತೆ, ನೀನು ಪುಣ್ಯವಂತೆ ಎಂದಳು ಅವಳು. ಚೆಕ್ಕರಮ್ಮ ಡಬ್ಬಿಯ ಮುಚ್ಚಳ ಹಾಕಿದಳು. ಹೆಮ್ಮೆಯಾಗಿತ್ತು, ಆದರೆ ತೋರಿಸಿಕೊಳ್ಳಲಿಲ್ಲ.

ಅತ್ತೆಯ ಸೊಂಟ ಮಾತ್ರ ಹಿಡಿದ ಹಟ ಬಿಡಲಿಲ್ಲ. ಹಾಸಿಗೆಯಿಂದ ಕಿಟಕಿಗೆ ಆರು ಹೆಜ್ಜೆ. ಅಷ್ಟಕ್ಕೇ ಮುದುಕಿಯ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ನೋವಾ ಎಂದರೆ ಇಲ್ಲ.

“ಮಾತ್ರೆ ನುಂಗೋಕಾಗುತ್ತೆ, ನಡೆಯೋಕೆ ಮಾತ್ರ ಆಗಲ್ಲ ನಿಮಗೆ,” ಎಂದು ರೇಗಿದಳು ಸೊಸೆ ಒಂದು ಭಾನುವಾರ.

“ಹಳೇ ಮೂಳೆ ಕಣೇ. ಆತುರ ಮಾಡಿದ್ರೆ ಆಗುತ್ತಾ?”

ಮೊಮ್ಮಗಳು ಪಕ್ಕದಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದಳು. ಅಜ್ಜಿ ಅವಳ ಮುಖ ನೋಡಲಿಲ್ಲ. ಅವಳೂ ಅಜ್ಜಿಯ ಮುಖ ನೋಡಲಿಲ್ಲ.

ಅಜ್ಜಿ ಬಿದ್ದು ಮೂಳೆ ಮುರಿದುಕೊಂಡು ಎರಡು ತಿಂಗಳು ತುಂಬಿದ ವಾರ, ಬುಧವಾರ, ಕಾರ್ಖಾನೆಯ ಜನರೇಟರ್ ಕೆಟ್ಟಿತು. ಹನ್ನೊಂದಕ್ಕೇ ಎಲ್ಲರನ್ನೂ ಮನೆಗೆ ಕಳಿಸಿದರು. ಚೆಕ್ಕರಮ್ಮ ಬಾಗಿಲು ತೆಗೆದು ಒಳಗೆ ಬಂದಾಗ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಹೊದಿಕೆಯ ಅಂಚು ಬಾಯಲ್ಲಿತ್ತು. ದಿಂಬು ಒದ್ದೆಯಾಗಿತ್ತು. ಏನಾಯ್ತು ಎಂದು ಕೇಳಿದರೆ ಏನಿಲ್ಲ, ಬಾಯಿ ಒಣಗಿತ್ತು ಎಂದರು. ಬಾಯಿ ಒಣಗಿದರೆ ಯಾರೂ ಹೊದಿಕೆ ಕಚ್ಚುವುದಿಲ್ಲ. ಬೆಳಗಿನ ಮಾತ್ರೆ ಮರೆತುಹೋಗಿರಬೇಕೆಂದು ಚೆಕ್ಕರಮ್ಮ ಊಹಿಸಿದಳು. ತಪ್ಪಿದ್ದನ್ನು ಸರಿಮಾಡುವುದರಲ್ಲಿ ಅವಳದ್ದು ಯಾವತ್ತೂ ಎತ್ತಿದ ಕೈ. ಡಬ್ಬದಿಂದ ನೋವಿನ ಮಾತ್ರೆಯ ಪಟ್ಟಿ ತೆಗೆದಳು. ಬೆಳಗಿನದೊಂದು, ಇಷ್ಟು ನೋವಿರುವುದಕ್ಕೆ ಇನ್ನೊಂದು.

ಅತ್ತೆ ಅಂಗೈಯಲ್ಲಿದ್ದ ಮಾತ್ರೆಗಳನ್ನು ಬಹಳ ಹೊತ್ತು ನೋಡಿದರು. “ಒಂದು ಸಾಕೇನೋ,” ಎಂದರು.

“ನುಂಗಿ ಅತ್ತೆ. ಚೌಕಾಸಿ ಬೇಡ.”

ಅವರು ನುಂಗಿದರು.

ಸೊಸೆ ಬಟ್ಟೆ ಒಗೆದಳು, ಒಲೆ ಉಜ್ಜಿದಳು. ಎರಡು ಗಂಟೆಗೆ ಗಂಜಿ ಹಿಡಿದುಕೊಂಡು ಹೋಗಿ ಎಬ್ಬಿಸಿದರೆ ಅತ್ತೆ ಏಳಲಿಲ್ಲ. ಗೊರಕೆ ಬರುತ್ತಿತ್ತು, ಒಂದು ಬಂದಮೇಲೆ ಇನ್ನೊಂದು ಬರಲು ಬಹಳ ಹೊತ್ತು ಹಿಡಿಯುತ್ತಿತ್ತು. ತುಟಿಯ ಬಣ್ಣ ಸರಿಯಿರಲಿಲ್ಲ. ಮುಖಕ್ಕೆ ನೀರು ಹಾಕಿದಳು, ಭುಜ ಅಲುಗಿಸಿದಳು, ಗಂಡನಿಗೆ ಫೋನು ಮಾಡಿದಳು. ಆ ದಿನ ನಿಜವಾಗಿಯೂ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದ ಯಾರನ್ನೋ ಬಿಡಿಸುತ್ತಿದ್ದವನು ಗ್ರೀಸ್ ಕೈಯಲ್ಲೇ ಓಡಿಬಂದ. ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ ಕಟ್ಟಿ, ಗಂಡಹೆಂಡತಿ ಇಬ್ಬರೂ ಎರಡು ಮಹಡಿ ಇಳಿಸಿದರು.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಇಂಜೆಕ್ಷನ್ ಕೊಟ್ಟು, ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಸಿ, ಮುದುಕಿ ಕಣ್ಣು ಬಿಟ್ಟು ಮುಲುಗಿದ ಮೇಲೆ ಹೊರಗೆ ಬಂದರು. ಪ್ರಾಣಕ್ಕೆ ಭಯವಿಲ್ಲ, ಒಂದು ದಿನ ಇಲ್ಲೇ ಇರಲಿ ಎಂದರು. ಆಮೇಲೆ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡುತ್ತಾ ಕೇಳಿದರು.

“ಇದನ್ನ ಎರಡು ತಿಂಗಳಿಂದ ದಿನಾ ಎರಡು ತಗೊಳ್ತಿದ್ದಾರೆ ಅಂದ್ರಲ್ಲ, ನಿಜಾನಾ?”

“ಹೌದು. ಒಂದು ದಿನಾನೂ ತಪ್ಪಿಲ್ಲ.”

“ದಿನಾ ತಗೊಳ್ಳೋರಿಗೆ ಎರಡು ಮಾತ್ರೆ ಹೀಗೆ ಮಾಡಲ್ಲಮ್ಮ. ಇವರ ಮೈಗೆ ಇದರ ಅಭ್ಯಾಸವೇ ಇಲ್ಲ. ಮನೇಲಿ ಮಾತ್ರೆ ಕೊಡೋದು ಯಾರು?”

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆಯನ್ನು ಚೆಕ್ಕರಮ್ಮ ಎಷ್ಟೋ ಸಲ ಬೇರೆಯವರಿಗೆ ಹೇಳಿದ್ದಳು. ಪೆನ್ನಿನ ಮುಚ್ಚಳ, ಪುಸ್ತಕದ ಹಾಳೆ, ಜೇಬಿನ ಮೂಲೆ ಎಲ್ಲ ಜಾಲಾಡಿದ್ದಳು. ಮಾತ್ರೆಯ ಡಬ್ಬವನ್ನು ಮಾತ್ರ ತಾನೇ ಮಗಳ ಕೈಗೆ ಕೊಟ್ಟಿದ್ದಳು. ಅಳು ಬರಬಹುದೆಂದು ಕಾದಳು, ಬರಲಿಲ್ಲ. ಸಿಟ್ಟೂ ಬರಲಿಲ್ಲ. ಎಷ್ಟೋ ಹೊತ್ತು ಮಡಿಸಿ ಕೂತ ಕಾಲಿನ ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು.

ಅಪ್ಪ ಶಾಲೆಗೆ ಫೋನು ಮಾಡಿ ತಿಳಿಸಿದ್ದರಿಂದ ಐದು ಗಂಟೆಗೆ ಮಗಳು ನೇರ ಅಲ್ಲಿಗೇ ಬಂದಳು. ಕಾರಿಡಾರಿನ ಬೆಂಚಿನ ಮುಂದೆ ನಿಂತು, ಅಜ್ಜಿಗೆ ಏನಾಯಿತು ಎಂದು ಕೇಳಲಿಲ್ಲ.

“ಯಾವ ಮಾತ್ರೆ ಕೊಟ್ಟೆ ಅಮ್ಮ?”

“ನೋವಿನದು.”

“ಎಷ್ಟು?”

“ಎರಡು.”

ಹುಡುಗಿ ನೆಲದ ಮೇಲೆ ಕೂತಳು. ಆಗ ಗಂಟೆ ಆರಾಗಿರಲಿಲ್ಲ, ಅದು ಮನೆಯೂ ಆಗಿರಲಿಲ್ಲ. ಆದರೂ ಅವಳ ಕೈ ತಾನಾಗಿ ಬ್ಯಾಗಿನ ಜಿಪ್ಪು ಎಳೆದು ಪುಸ್ತಕಗಳನ್ನು ಒಂದೊಂದಾಗಿ ಹೊರಗೆ ಇಡತೊಡಗಿತು. ಬಿಡು ಮಗಳೇ, ಬಿಡು ಎಂದ ಅಪ್ಪ. ಯಾವತ್ತಿಂದ ಎಂದು ಕೇಳಿದ. ಪರೀಕ್ಷೆಗೆ ಮುಂಚಿನಿಂದ, ಆರು ವಾರವಾಯಿತು, ದಿನಾ ಎರಡು, ಅಜ್ಜಿಗೆ ಬದಲಿಗೆ ಸುಣ್ಣದ್ದು ಎಂದಳು. ನೋಡಿದವರು ತಾಯಿ ಈಗ ಹೊಡೆಯುತ್ತಾಳೆ ಎಂದುಕೊಳ್ಳಬೇಕಿತ್ತು. ಅವಳ ಕೈ ಏಳಲಿಲ್ಲ. ತಾಳ್ಮೆಯಿಂದಲ್ಲ; ಆ ಕೈ ತನ್ನದೆಂದೇ ಅವಳಿಗೆ ಅನ್ನಿಸಲಿಲ್ಲ.

ಮರುದಿನ ಬೆಳಗ್ಗೆ ಅತ್ತೆಗೆ ಪೂರ್ತಿ ಎಚ್ಚರವಾಯಿತು. ಸೊಸೆ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ತಿನ್ನಿಸಿದಳು. ಬಾಯಿ ಒರೆಸಿದಳು. ಆಮೇಲೆ ಕೇಳಿದಳು.

“ನಿಮಗೆ ಗೊತ್ತಿತ್ತಾ ಅತ್ತೆ?”

ಮುದುಕಿ ಕಿಟಕಿಯ ಕಡೆ ನೋಡಿದರು. “ನೋವಿನದು ಕಹಿ. ಸುಣ್ಣದ್ದು ನಾಲಿಗೆ ಮೇಲೆ ಪುಡಿಪುಡಿಯಾಗುತ್ತೆ. ಇಷ್ಟು ವರ್ಷ ಬದುಕಿದ ನಾಲಿಗೆಗೆ ಅಷ್ಟೂ ಗೊತ್ತಾಗಲ್ವಾ?”

“ಆರು ವಾರ ಸುಮ್ನಿದ್ರಿ.”

“ಮೊದಲನೇದು ನಾನೇ ಕೊಟ್ಟಿದ್ದು ಕಣೇ. ಹೊಟ್ಟೆ ಹಿಡ್ಕೊಂಡು ಅಳ್ತಾ ಓದ್ತಾ ಇತ್ತು ಕೂಸು. ನೀನು ಬಿಸಿನೀರು ಕುಡಿ ಅಂತ ಹೇಳಿ ಹೋದೆ. ನನ್ನ ಪಾಲಿನದರಲ್ಲಿ ಅರ್ಧ ಮುರಿದು ಕೊಟ್ಟೆ. ನಿದ್ದೆ ಮಾಡ್ತು. ಎದ್ದು ನಗ್ತು. ಆ ನಗು ನೋಡಿ ಮರುದಿನಾನೂ ಕೊಟ್ಟೆ. ಆಮೇಲೆ ನಾನು ಕೊಡೋದು ಬೇಕಾಗ್ಲಿಲ್ಲ.”

“ನನಗೊಂದು ಮಾತು ಹೇಳಬೇಕಿತ್ತು.”

“ಏನಂತ ಹೇಳ್ಲಿ? ಹದಿನೆಂಟು ಮಾರ್ಕ್ಸಿಗೆ ಹದಿನೆಂಟು ದಿನ ಬಯ್ದೋಳು ನೀನು. ಇದಕ್ಕೆ ಎಷ್ಟು ದಿನ ಬಯ್ತಿದ್ದೆ? ನನ್ನ ನೋವು ನಾನು ತಡ್ಕೊಳ್ಬಹುದು ಅಂದ್ಕೊಂಡೆ. ಅದು ತಡ್ಕೊಳ್ಳಲ್ಲ ಅನ್ನಿಸ್ತು.” ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು. “ನಾನು ಮಾಡಿದ್ದು ಒಳ್ಳೇದಂತ ಹೇಳ್ತಿಲ್ಲ. ಮುದ್ದು ಮಾಡಿ ಮುಳುಗಿಸಿದೆ.”

ಚೆಕ್ಕರಮ್ಮ ಲೋಟ ತೊಳೆದು ಬೋರಲು ಹಾಕಿದಳು.

ಮನೆಗೆ ಬಂದವಳೇ ಅವಳು ಮಗಳ ಕೋಣೆಗೆ ನುಗ್ಗಿದಳು. ಬೇರೇನು ಮಾಡಬೇಕೆಂದು ಅವಳಿಗೆ ತಿಳಿದಿರಲಿಲ್ಲ. ಗೊತ್ತಿದ್ದ ಕೆಲಸ ಅದೊಂದೇ. ಹಾಸಿಗೆ ಮಗುಚಿದಳು, ದಿಂಬಿನ ಹೊಲಿಗೆ ಬಿಚ್ಚಿದಳು, ಅಂಗಿಗಳ ಕಾಲರು, ತೋಳು, ಮಡಿಕೆ ಒಂದೊಂದನ್ನೂ ಬೆರಳಿನಿಂದ ತಡಕಿದಳು. ಹಳೆಯ ಬೂಟಿನೊಳಗೆ ಹನ್ನೊಂದು ಮಾತ್ರೆ ಸಿಕ್ಕಿದವು. ಮಗಳು ಬಾಗಿಲಿಗೊರಗಿ ನೋಡುತ್ತಿದ್ದಳು. ಅಷ್ಟನ್ನೂ, ಡಬ್ಬದಲ್ಲಿದ್ದುದನ್ನೂ ಸೇರಿಸಿ ಚೆಕ್ಕರಮ್ಮ ಆಸ್ಪತ್ರೆಗೆ ಕೊಟ್ಟು ಬಂದಳು. ಅವಳು ಪಾಸು ಮಾಡಿದ ಕೋಣೆಯಲ್ಲಿ ಇನ್ನು ಹುಡುಕುವುದಕ್ಕೆ ಏನೂ ಉಳಿದಿರಲಿಲ್ಲ.

ಅಂದು ಊಟಕ್ಕೆ ಕೂತಾಗ ಗಂಡಹೆಂಡತಿಗೆ ಮಾತು ಹತ್ತಿತು. ನೀವು ಸಡಿಲ ಬಿಟ್ಟಿದ್ದರಿಂದಲೇ ಎಂದಳು ಅವಳು. ನೀನು ಬಿಗಿ ಹಿಡಿದದ್ದರಿಂದಲೇ ಎಂದ ಅವನು. ತಾನು ಬಿಗಿ ಹಿಡಿದಾಗಲೆಲ್ಲ ಅವನು ಮನೆಯಲ್ಲೇ ಇರಲಿಲ್ಲ ಎಂದು ಅವಳು ನೆನಪಿಸಿದಳು. ತಾನು ಎಲ್ಲಿದ್ದನೆಂದು ಅವಳು ಯಾವತ್ತಾದರೂ ಕೇಳಿದ್ದಳೇ ಎಂದು ಅವನು ತಿರುಗಿ ಕೇಳಿದ. ಅಭ್ಯಾಸದಂತೆ ಟೂಲ್ ಬ್ಯಾಗಿಗೆ ಕೈ ಹಾಕಿದ. ಮಗಳು ತಟ್ಟೆಯ ಅನ್ನ ಕೆದಕುತ್ತಾ, ಅಪ್ಪ, ಇವತ್ತು ಯಾರೂ ಸಿಕ್ಕಿಹಾಕಿಕೊಂಡಿಲ್ಲ ಎಂದಳು. ಅವನು ಬ್ಯಾಗು ಕೆಳಗಿಟ್ಟು ಮತ್ತೆ ಕೂತ.

ಆಸ್ಪತ್ರೆಯವರೇ ಒಂದು ಕ್ಲಿನಿಕ್ಕಿಗೆ ಕಳಿಸಿದ್ದರು. ಡಾಕ್ಟರು ಹುಡುಗಿಗೆ ಔಷಧ ಬರೆದುಕೊಟ್ಟರು. ಮೊದಲ ವಾರ ಅವಳಿಗೆ ಮೂಗು ಸೋರಿತು, ಆಕಳಿಕೆಯ ಮೇಲೆ ಆಕಳಿಕೆ ಬಂತು, ಕಾಲು ಸೆಳೆಯಿತು. ಎರಡು ಹೊದಿಕೆ ಹೊದ್ದರೂ ನಡುಗಿದಳು. ಕೊಟ್ಟ ಗಂಜಿಯನ್ನು ಗೋಡೆಗೆ ಎಸೆದಳು. ಚೆಕ್ಕರಮ್ಮ ರಜೆ ಹಾಕಿ ಗೋಡೆ ಒರೆಸಿದಳು, ವಾಂತಿ ತೊಳೆದಳು, ಬೆವರಿದ ಬಟ್ಟೆ ಬದಲಿಸಿದಳು. ಎಲ್ಲವನ್ನೂ ಬೇರೆ ಯಾರದೋ ಮನೆಯ ಕೆಲಸದ ಹಾಗೆ ಮಾಡಿದಳು. ಒಂದು ದಿನ ಒಗೆದ ಬಟ್ಟೆ ಮಡಿಸುತ್ತಾ, ಅದರಲ್ಲಿ ಅಂಥದ್ದೇನಿತ್ತು ಎಂದು ಕೇಳಿದಳು.

“ಅದು ತಗೊಂಡ್ರೆ ನಿನ್ನ ದನಿ ದೂರದಿಂದ ಬಂದ ಹಾಗೆ ಕೇಳುತ್ತೆ,” ಎಂದಳು ಮಗಳು. “ಪಕ್ಕದ ಮನೇಲಿ ಯಾರೋ ಯಾರನ್ನೋ ಬಯ್ತಾ ಇದಾರೆ ಅನ್ನಿಸುತ್ತೆ. ನನಗಲ್ಲ ಅನ್ನಿಸುತ್ತೆ.”

ಚೆಕ್ಕರಮ್ಮ ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದಳು.

ಕ್ಲಿನಿಕ್ಕಿನ ಸಲಹೆಗಾರ್ತಿ ವಯಸ್ಸಾದ ಹೆಂಗಸು, ಮಾತು ನೇರ. ಮನೆಯಲ್ಲಿ ನಿಯಮ ಬೇಡ ಎಂದು ಅವರು ಹೇಳಲಿಲ್ಲ. ನಾಲ್ಕೇ ಇರಲಿ, ಯಾಕೆ ಎಂದು ಅವಳಿಗೆ ಹೇಳಿ, ಇಬ್ಬರೂ ಅದನ್ನೇ ಹೇಳಿ. ಅಪ್ಪನದೊಂದು ಕಾನೂನು ಅಮ್ಮನದೊಂದು ಬೇಡ ಎಂದರು. ಬ್ಯಾಗು ಸುರಿಸುವುದನ್ನು ಬಿಡಿ ಎಂದರು. ದಿನಾ ಅರ್ಧ ಗಂಟೆ ಅವಳ ಜೊತೆ ಕೂತಿರಿ, ಆ ಹೊತ್ತಿನಲ್ಲಿ ಒಂದೇ ಒಂದು ಪ್ರಶ್ನೆ ಕೇಳಬೇಡಿ ಎಂದರು.

“ಪ್ರಶ್ನೆ ಕೇಳದೆ ಏನು ಮಾತಾಡೋದು?” ಎಂದಳು ಚೆಕ್ಕರಮ್ಮ. ಅದೂ ಪ್ರಶ್ನೆಯೇ ಎಂದ ಗಂಡ. ಸಲಹೆಗಾರ್ತಿ ನಕ್ಕರು. ಅವಳಿಗೆ ನಗು ಬರಲಿಲ್ಲ.

ಆ ಅರ್ಧ ಗಂಟೆ ಹೆಣಭಾರವಾಗಿತ್ತು. ತಾಯಿಮಗಳು ಮಂಚದ ಎರಡು ತುದಿಯಲ್ಲಿ ಕೂತು ಗಡಿಯಾರ ನೋಡುತ್ತಿದ್ದರು. ಬಾಯಿ ತೆರೆದರೆ ಪ್ರಶ್ನೆಯೇ ಬರುತ್ತಿತ್ತು: ತಿಂದೆಯಾ, ಓದಿದೆಯಾ, ಯಾರ ಫೋನು. ನಾಲ್ಕನೆಯ ದಿನ ಬೇರೆ ದಾರಿ ಕಾಣದೆ ಅವಳು ಕಾರ್ಖಾನೆಯ ಸುದ್ದಿ ಹೇಳಿದಳು. ಒಂದು ಸಲ ಮುನ್ನೂರು ಅಂಗಿಗಳಿಗೆ ಎಡತೋಳು ಒಂದು ಗೇಣು ಉದ್ದ ಬಂದಿತ್ತು. ಕತ್ತರಿಸುವವನು ಹೆಂಡತಿಯ ಮೇಲಿನ ಸಿಟ್ಟಿನಲ್ಲಿ ಅಳತೆಯ ಕಾಗದವನ್ನೇ ತಪ್ಪು ಇಟ್ಟಿದ್ದ. ಸೂಪರ್‌ವೈಸರು ಅಂಥ ಒಂದು ಅಂಗಿ ತೊಟ್ಟು, ಸಂಬಳ ಇಸ್ಕೊಳ್ಳೋ ಕೈ ಉದ್ದ ಇದ್ರೆ ಒಳ್ಳೇದೇ ಎಂದಿದ್ದ. ಹುಡುಗಿಯ ಮೂಗಿನಿಂದ ಸಣ್ಣ ನಗೆಯ ಸದ್ದೊಂದು ಬಂತು. ಮರುದಿನದಿಂದ ಚೆಕ್ಕರಮ್ಮ ಕೆಲಸದ ಹೊತ್ತಿನಲ್ಲೇ ಸುದ್ದಿ ಆರಿಸಿಟ್ಟುಕೊಳ್ಳತೊಡಗಿದಳು.

ಇತ್ತ ಅಜ್ಜಿಗೆ ಬೇರೆ ಕಷ್ಟ. ಬಲವಾದ ಮಾತ್ರೆ ಮನೆಯೊಳಗೇ ಬೇಡ ಎಂದು ಅವರೇ ಹಟ ಹಿಡಿದರು. ಡಾಕ್ಟರು ಕೊಟ್ಟ ಸಾದಾ ಮಾತ್ರೆಗಳನ್ನು ಮಗ ಟೂಲ್ ಬ್ಯಾಗಿನಲ್ಲಿಟ್ಟುಕೊಂಡು, ಹೊತ್ತಿಗೊಂದು ಕೊಟ್ಟು, ಉಳಿದದ್ದನ್ನು ಕೆಲಸಕ್ಕೆ ಒಯ್ಯುತ್ತಿದ್ದ. ಅವು ಆ ನೋವಿಗೆ ಎಲ್ಲಿ ಸಾಲಬೇಕು. ಆದರೆ ನಡೆಯದಿದ್ದರೆ ಶಾಶ್ವತವಾಗಿ ಹಾಸಿಗೆಯೇ ಗತಿ ಎಂದು ಆಸ್ಪತ್ರೆಯವರು ಹೇಳಿಯಾಗಿತ್ತು. ದಿನಾ ನಡೆಸಲೇಬೇಕು. ಆ ಕೆಲಸವನ್ನು ಮತ್ತೆ ತಾನೇ ಮಾಡುತ್ತೇನೆಂದು ಮೊಮ್ಮಗಳು ಮೂರನೆಯ ವಾರ ಹೇಳಿದಳು. ಚೆಕ್ಕರಮ್ಮ ಗಂಡನ ಮುಖ ನೋಡಿದಳು. ಅವನು ತಲೆಯಾಡಿಸಿದ.

ಭಾನುವಾರ ಮಧ್ಯಾಹ್ನ, ಊಟದ ಪಾತ್ರೆಗಳು ಇನ್ನೂ ಸಿಂಕಿನಲ್ಲಿದ್ದವು. ಹುಡುಗಿ ಅಜ್ಜಿಯ ಕಂಕುಳಿಗೆ ತೋಳು ಕೊಟ್ಟು ಎಬ್ಬಿಸಿದಳು. ಒಂದು ಹೆಜ್ಜೆ. ಎರಡು. ಮೂರನೆಯದಕ್ಕೆ ಮುದುಕಿ ಕಿರುಚಿದರು.

ಆರು ವಾರ ಹೊದಿಕೆ ಕಚ್ಚಿ ಒಳಗೇ ನುಂಗಿದ್ದ ಸದ್ದು ಅದು. ಈಗ ಮುಚ್ಚಿಡುವುದಕ್ಕೆ ಕಾರಣವಿರಲಿಲ್ಲವಲ್ಲ. ಅಯ್ಯೋ ಅಮ್ಮಾ, ಸಾಯಿಸಿಬಿಡ್ರೋ ಎಂದು ಮಕ್ಕಳ ಹಾಗೆ ಬಾಯಿ ಬಿಟ್ಟು ಅತ್ತರು. ಸೊಸೆ ಸಾಬೂನಿನ ಕೈಯಲ್ಲೇ ಬಾಗಿಲಿಗೆ ಬಂದಳು. ಹುಡುಗಿಯ ಮುಖದಲ್ಲಿ ರಕ್ತವಿರಲಿಲ್ಲ. ಅಜ್ಜಿಯ ನೋವನ್ನು ಅವಳು ಕೇಳುತ್ತಿದ್ದದ್ದು ಇದೇ ಮೊದಲು, ಮತ್ತು ಈಗ ಅದನ್ನು ದೂರ ಮಾಡುವುದಕ್ಕೆ ಅವಳ ಮೈಯೊಳಗೆ ಏನೂ ಇರಲಿಲ್ಲ. ಅಜ್ಜಿಯನ್ನು ಮೆಲ್ಲಗೆ ಹಾಸಿಗೆಯ ಮೇಲೆ ಕೂರಿಸಿದಳು. ಒಳಗೆ ಹೋದಳು. ಬಂದಳು. ಮುಷ್ಟಿ ಬಿಚ್ಚಿದರೆ ಅಂಗೈಯಲ್ಲಿ ಒಂದು ಬಿಳಿಯ ಮಾತ್ರೆ, ಬೆವರಿಗೆ ಅಂಟಿಕೊಂಡಿತ್ತು.

“ಅಜ್ಜಿ, ಇದು ನಿಂದು. ತಗೋ.”

ಮುದುಕಿಯ ಅಳು ನಿಂತಿತು. ಮೊಮ್ಮಗಳ ಕೈ ನೋಡಿದರು, ಬಾಗಿಲಲ್ಲಿ ನಿಂತ ಸೊಸೆಯನ್ನು ನೋಡಿದರು.

“ನನಗೆ ಬೇಡ ಕೂಸೇ. ಅಮ್ಮನ ಕೈಗೆ ಕೊಡು.”

ಹುಡುಗಿ ತಿರುಗಿದಳು. ಚೆಕ್ಕರಮ್ಮ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿ ಚಾಚಿದಳು. ಮಾತ್ರೆ ಅಂಗೈಗೆ ಬಂತು. ತಾನು ದಿಂಬಿನ ಹೊಲಿಗೆಯನ್ನೂ ಬಿಚ್ಚಿ ಹುಡುಕಿದ್ದ ಕೋಣೆಯದು. ಮೂರು ವಾರದಿಂದ ಅಲ್ಲೇ ಇದ್ದದ್ದು. ಬಯ್ಯಬೇಕಾದ ಮಾತುಗಳೆಲ್ಲ ಸಾಲಾಗಿ ನಾಲಿಗೆಯ ತುದಿಗೆ ಬಂದು ನಿಂತವು.

“ಇನ್ನೂ ಇದೆಯಾ?” ಎಂದಳು.

“ಇಲ್ಲ.”

ಅಜ್ಜಿ ಏದುಸಿರು ಬಿಡುವುದು ಕೇಳುತ್ತಿತ್ತು.

“ಎರಡಿದೆ,” ಎಂದಳು ಹುಡುಗಿ.

ಎಲ್ಲಿ ಎಂದು ಚೆಕ್ಕರಮ್ಮ ಕೇಳಲಿಲ್ಲ. ಹಿಂದೆಯೇ ಹೋಗುವುದಕ್ಕೆ ಅವಳು ತುದಿಗಾಲಲ್ಲಿದ್ದಳು; ಅತ್ತೆಯ ಮಂಚದ ಅಂಚಿನಲ್ಲಿ ಕೂತು ಎರಡೂ ಮೊಣಕಾಲನ್ನು ಕೈಯಿಂದ ಅದುಮಿಕೊಂಡಳು. ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದಾಯಿತು. ಏನೋ ಎಳೆದ ಸದ್ದಾಯಿತು. ಆಮೇಲೆ ಏನೂ ಕೇಳಲಿಲ್ಲ. ಒಳಗೆ ಮಗಳ ಹತ್ತಿರ ನೀರಿನ ಬಾಟಲಿ ಇದೆ ಎಂದು ಚೆಕ್ಕರಮ್ಮನಿಗೆ ನೆನಪಾಯಿತು. ಇಷ್ಟು ವಾರ ಜೋಮು ಹಿಡಿದಿದ್ದ ಮೈಗೆಲ್ಲ ಒಮ್ಮೆಲೇ ಸೂಜಿ ಚುಚ್ಚತೊಡಗಿತು. ಎದೆ, ಗಂಟಲು, ಕಣ್ಣಿನ ಹಿಂದೆ. ಅತ್ತೆ ಅವಳ ಮಣಿಕಟ್ಟು ಹಿಡಿದುಕೊಂಡರು. ಕೂತಿರು ಎಂದರು.

ಅವಳು ಕೂತಿದ್ದಳು. ಎಷ್ಟು ಹೊತ್ತೆಂದು ಗಡಿಯಾರ ನೋಡಲಿಲ್ಲ.

ಚಿಲಕ ತೆಗೆದ ಸದ್ದು ಬಂತು. ಮಗಳು ಬಂದು ಎದುರು ನಿಂತು ತಾಯಿಯ ಅಂಗೈ ಬಿಡಿಸಿ ಅದರಲ್ಲಿ ಮಾತ್ರೆಗಳನ್ನು ಇಟ್ಟಳು. ಎರಡು ಎಂದಿದ್ದವಳು ತಂದದ್ದು ಮೂರು.

ಚೆಕ್ಕರಮ್ಮ ಎಣಿಸಿದಳು, ಎಣಿಸಿದ್ದು ಮಗಳಿಗೂ ಕಂಡಿತು. ಅವಳು ಮುಷ್ಟಿ ಮಡಿಚಿ ಇನ್ನೊಂದು ಕೈಯಿಂದ ಮಗಳನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. ಅವನ್ನು ಎಲ್ಲಿ ಬಚ್ಚಿಟ್ಟಿದ್ದಳೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.